ಬಾವಿ ನೋಡಲು ಬಂದ ಹುಡುಗಿ

ಹೆಣ್ಣು ನೋಡಲು ಹೋದವರನ್ನೇ ಹೆಣ್ಣು ಪ್ರಶ್ನೆ ಕೇಳಿದರೆ ಏನಾಗುತ್ತದೆ? ಚಹಾದ ಕಪ್ಪು ಬಸಿಗೂ ಬಾಯಿಗೂ ನಡುವೆ ನಿಂತುಬಿಡುತ್ತದೆ. ನಮ್ಮ ಅತ್ತೆಯವರದು ಹಾಗೇ ನಿಂತಿತ್ತು.

ಹೋದ ವರ್ಷದ ಮಾತು. ನನ್ನ ಮೈದುನ ಶೇಖಪ್ಪನಿಗೆ ಹೆಣ್ಣು ನೋಡಲು ಲಕ್ಷ್ಮೇಶ್ವರಕ್ಕೆ ಹೋಗಿದ್ದೆವು. ನಾನು, ನಮ್ಮ ಮನೆಯವರು, ನಮ್ಮ ಅತ್ತೆ, ಮತ್ತು ಇಸ್ತ್ರಿ ಮಾಡಿದ ಅಂಗಿ ಮುದ್ದೆಯಾಗಬಾರದೆಂದು ಗದಗಿನಿಂದ ಅಲ್ಲಿಯವರೆಗೆ ಬಸ್ಸಿನಲ್ಲಿ ನಿಂತೇ ಬಂದ ಶೇಖಪ್ಪ. (ಸೀಟು ಖಾಲಿ ಇತ್ತು.)

ಹುಡುಗಿಯ ಹೆಸರು ಅನಸೂಯಾ. ತಂದೆ ಬಸಲಿಂಗಪ್ಪನವರು ಅಲ್ಲೇ ಒಂದು ಕಿರಾಣಿ ಅಂಗಡಿ ಇಟ್ಟುಕೊಂಡವರು. ಉಪ್ಪಿಟ್ಟು ಬಂತು, ಚಹಾ ಬಂತು. ಅತ್ತೆ ನಮ್ಮ ಹೊಲದ ಬಾವಿಯನ್ನು ಹೊಗಳಿದ್ದಾಯಿತು. ಎಷ್ಟು ಓದಿದ್ದಿ, ರೊಟ್ಟಿ ಬಡಿಯಲು ಬರುತ್ತದೆಯೇ, ಹೊಲದ ಕೆಲಸ ರೂಢಿ ಇದೆಯೇ, ಎಲ್ಲ ಕೇಳಿದ್ದಾಯಿತು. ಕೊನೆಗೆ ನಾನು, ಮಾತಿಗೆ ಮಾತೆಂದು, "ನೀ ಏನರ ಕೇಳೂದು ಐತೇನವಾ?" ಎಂದೆ. ಹೀಗೆ ಕೇಳುವುದು ಈಗೀಗ ಫ್ಯಾಶನ್. ಯಾವ ಹುಡುಗಿಯೂ ಏನೂ ಕೇಳುವುದಿಲ್ಲ ಎಂಬ ಧೈರ್ಯದ ಮೇಲೆ ಕೇಳುವುದು.

ಈಕೆ ಕೇಳಿದಳು.

"ನಿಮ್ಮ ಬಾವ್ಯಾಗ ಬ್ಯಾಸಗಿಗೆ ನೀರ ಎಷ್ಟ ಇರ್ತಾವ್ರಿ?"

ಅತ್ತೆಯ ಕಪ್ಪು ನಿಂತದ್ದು ಆಗ. ಆದರೆ ನಮ್ಮ ಅತ್ತೆ ಅಷ್ಟಕ್ಕೆಲ್ಲ ಸೋಲುವವರಲ್ಲ. "ಅದಕ್ಕೇನ ಕಡಿಮಿ ತಂಗಿ, ಐದ ಎಚ್‌ಪಿ ಮೋಟರ್ ಕುಂದ್ರಿಸ್ಯಾನ ನಮ್ಮ ಶೇಖ" ಎಂದರು.

"ಮೋಟರ್ ಅಲ್ರಿ. ನೀರ."

"ಭರ್ತಿ ಅದಾವ."

"ನೋಡಬೇಕಾಗಿತ್ರಿ."

ಬಸಲಿಂಗಪ್ಪನವರ ಮುಖ ನೋಡುವಂತಿರಲಿಲ್ಲ. "ಸಣ್ಣ ಹುಡುಗಿ, ತಿಳೀದ ಏನೋ ಅಂದ್ಲು, ಮನಸಿಗೆ ಹಚ್ಕೋಬ್ಯಾಡ್ರಿ" ಎಂದು ಕೈ ಜೋಡಿಸಿದರು. ಅಲ್ಲಿಯವರೆಗೆ ನೆಲ ನೋಡುತ್ತ ಕೂತಿದ್ದ ಶೇಖಪ್ಪ ಆಗ ಮೊದಲ ಸಲ ಬಾಯಿ ಬಿಟ್ಟ. "ಬರ್ರಿ. ಯುಗಾದಿ ಆದಮ್ಯಾಲೆ ಬರ್ರಿ. ಬಿರು ಬ್ಯಾಸಗ್ಯಾಗ ನೋಡ್ರಿ ನಮ್ಮ ಬಾವಿ."

ಹಿಂತಿರುಗುವಾಗ ಬಸ್ಸಿನಲ್ಲಿ ಅತ್ತೆಯದು ಒಂದೇ ಮಾತು. "ಮನಿ ನೋಡಾಕ ಬರ್ತಾರ, ಖರೆ. ಹೊಲ ನೋಡಾಕ ಬರ್ತಾರ, ಅದೂ ಖರೆ. ಹುಡುಗೀನ ಎದ್ದು ಬಾವಿ ನೋಡಾಕ ಬರೂದು ಯಾವ ಸೀಮಿ ಪದ್ಧತಿ?"

ನಮ್ಮ ಮನೆಯವರು ಕಿಟಕಿಯ ಕಡೆ ತಿರುಗಿ ಹೇಳಿದರು: "ಹುಡುಗನ ಸುದ್ದಿ ಹೇಳೂಕಿಂತ ಮೊದಲ ಬಾವಿ ಸುದ್ದಿ ಹೇಳಿದಾಕಿ ನೀನ ಅಲ್ಲೇನಬೇ?"

ನನಗೆ ಮಾತ್ರ ಆ ಹುಡುಗಿ ಹಿಡಿಸಿಬಿಟ್ಟಿದ್ದಳು. ಯಾಕೆಂದು ನಿಮಗೆ ಗೊತ್ತು. ಬೆಟಗೇರಿಯ ನಮ್ಮ ಓಣಿಯ ನಳದ ಪುರಾಣ ಈ ಅಂಕಣ ಓದುವವರಿಗೆಲ್ಲ ಬಾಯಿಪಾಠ. ಎಷ್ಟೋ ದಿನಕ್ಕೊಮ್ಮೆ ನಳಕ್ಕೆ ನೀರು ಬಂದ ದಿನ ನಮ್ಮ ಓಣಿಯಲ್ಲಿ ಶಾಲೆ, ಆಫೀಸು, ಜಗಳ, ಬಾಣಂತನ ಎಲ್ಲ ಬಂದ್. ನನ್ನ ಮದುವೆಗೆ ಮೊದಲು ನಮ್ಮ ತಂದೆ ಈ ಮನೆಯ ಹೆಂಚು ನೋಡಿದರು, ಶಹಾಬಾದ್ ಕಲ್ಲಿನ ನೆಲ ನೋಡಿದರು, ಗಂಡಿಗೆ ಪೋಸ್ಟಿನಲ್ಲಿ ಪಕ್ಕಾ ನೌಕರಿ ಇದೆಯೆಂದು ಖಾತ್ರಿ ಮಾಡಿಕೊಂಡರು. ನಳಕ್ಕೆ ನೀರು ಯಾವಾಗ ಬರುತ್ತದೆ ಎಂದು ಕೇಳಲಿಲ್ಲ. ಕೇಳಿದ್ದರೆ ನಾನು ಇವತ್ತು ಈ ಅಂಕಣ ಬರೆಯುತ್ತಿರಲಿಲ್ಲ. ಬರೆಯಲು ವಿಷಯವೇ ಇರುತ್ತಿರಲಿಲ್ಲ.

ಇರಲಿ. ಯುಗಾದಿ ಮುಗಿಯಿತು. ಅವರು ಖರೆನೇ ಬಂದರು.

ಅತ್ತೆ, ಶೇಖಪ್ಪ ಇರುವ ನಮ್ಮ ಊರು ಮುಂಡರಗಿಯಿಂದ ಒಳಗೆ. ಮುಂಜಾನೆ ಎದ್ದರೆ ಕಪ್ಪತಗುಡ್ಡ ನೀಲಿಯಾಗಿ ಕಾಣುತ್ತದೆ, ಮಧ್ಯಾಹ್ನ ಬಿಸಿಲಿಗೆ ಕಣ್ಣು ಕಟ್ಟಿ ಏನೂ ಕಾಣುವುದಿಲ್ಲ. ಹೊಲದ ಬಾವಿ ನಮ್ಮ ಮಾವನವರ ತಂದೆ ತೋಡಿಸಿದ್ದು. ಚೌಕಾದ ದೊಡ್ಡ ಬಾವಿ, ತಳದವರೆಗೆ ಇಳಿಯಲು ಮೆಟ್ಟಿಲು. ಮಾವನವರ ಕಾಲದಲ್ಲಿ ಎತ್ತು ಹೂಡಿ ತೊಗಲಿನ ಚೀಲದಿಂದ ನೀರೆತ್ತುತ್ತಿದ್ದರು. ಎತ್ತು ದಣಿಯುತ್ತಿತ್ತು. ಎತ್ತು ಮೇವು ತಿನ್ನುವ ಹೊತ್ತಿಗೆ ಬಾವಿಯೂ ಸುಧಾರಿಸಿಕೊಳ್ಳುತ್ತಿತ್ತು. ಆಮೇಲೆ ಲೈಟಿನ ಕಂಬ ಬಂತು, ಮೋಟರ್ ಬಂತು. ಮೋಟರ್ ದಣಿಯುವುದಿಲ್ಲ ನೋಡಿ.

ಆವತ್ತು ಶೇಖಪ್ಪ ಮೋಟರ್ ಮನೆಯ ಕಸ ಗುಡಿಸಿ, ಮೋಟರಿಗೆ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿದ್ದ. ಮದುಮಗ ಅವನೋ ಮೋಟರೋ ತಿಳಿಯದಂತಾಗಿತ್ತು. ಹೋಳಿಗೆ ಊಟ ಮುಗಿಸಿ ಎಲ್ಲರೂ ಹೊಲಕ್ಕೆ ಹೋದೆವು. ಅನಸೂಯಾ, ಅವಳ ತಂದೆ ತಾಯಿ, ನಾವು. ಪುಣ್ಯಕ್ಕೆ ಕರೆಂಟೂ ಇತ್ತು. ಅವನು ಸ್ಟಾರ್ಟರ್ ಒತ್ತಿದ. ಪೈಪಿನಿಂದ ತೊಡೆ ದಪ್ಪ ನೀರು ಧೋ ಎಂದು ಬಿತ್ತು.

ಬಸಲಿಂಗಪ್ಪನವರು ಧೋತರ ಎತ್ತಿ ಕಟ್ಟಿ ಕಾಲು ತೊಳೆದುಕೊಂಡರು, ಮುಖ ತೊಳೆದುಕೊಂಡರು, ಇನ್ನೊಂದು ಸಲ ಕಾಲು ತೊಳೆದುಕೊಂಡರು. ಅವರ ಮಟ್ಟಿಗೆ ಸಂಬಂಧ ಆಗಿಹೋದಂತೆಯೇ. ಶೇಖಪ್ಪ ಕೈ ಚಾಚಿ ತೋರಿಸಿದ. "ಈಗ ಶೇಂಗಾ ಐತ್ರಿ. ಬರೂ ವರ್ಷ ಇದಿಷ್ಟೂ ಕಬ್ಬ ಹಚ್ಚತೀನಿ." ಹೊಳೆಯ ದಂಡೆಯ ಊರುಗಳಲ್ಲಿ ಅವನ ಶಾಲೆಯ ಗೆಳೆಯರು ಕಬ್ಬು ಬೆಳೆಯುತ್ತಿದ್ದರು. ಅವರ ಕಬ್ಬು ನೋಡಿ ಬಂದಾಗಿನಿಂದ ಇವನಿಗೂ ಅದೇ ಕನಸು. ಅವರ ಪಕ್ಕದಲ್ಲಿ ತುಂಗಭದ್ರೆ ಇತ್ತು, ಇವನ ಪಕ್ಕದಲ್ಲಿ ಅಜ್ಜ ತೋಡಿಸಿದ ಬಾವಿ. ಅಷ್ಟೇ ವ್ಯತ್ಯಾಸ.

ಅನಸೂಯಾ ಮಾತ್ರ ಪೈಪಿನ ಬಾಯಿ ನೋಡುತ್ತ ನಿಂತಿದ್ದಳು.

ಸ್ವಲ್ಪ ಹೊತ್ತಿಗೆ ತೊಡೆ ದಪ್ಪದ ನೀರು ತೋಳಿನಷ್ಟಾಯಿತು. ತೋಳಿನಷ್ಟಿದ್ದದ್ದು ಮಣಿಕಟ್ಟಿನಷ್ಟಾಯಿತು. ಆಮೇಲೆ ಪೈಪು ಕೆಮ್ಮಿತು. ಮುದುಕರು ಕೆಮ್ಮಿದ ಹಾಗೆ, ಒಂದು ಸಲ ನೀರು, ಒಂದು ಸಲ ಬರೀ ಗಾಳಿ. ಶೇಖಪ್ಪ ಓಡಿಹೋಗಿ ಮೋಟರ್ ಬಂದ್ ಮಾಡಿದ.



"ಇವತ್ತ ಏನಾತೋ ಏನೋ. ದಿನಾ ಹಿಂಗ ಆಗೂದಿಲ್ಲ" ಎಂದರು ಅತ್ತೆ. ನಮ್ಮ ಮನೆಯವರು ಆಕಾಶ ನೋಡಿದರು. ಅಲ್ಲಿ ಒಂದು ಮೋಡವೂ ಇರಲಿಲ್ಲ.

ಅನಸೂಯಾ ಮೆಟ್ಟಿಲಿಳಿದು ಬಾವಿಯೊಳಗೆ ಹೋದಳು. ನಾನೂ ಹಿಂದೆ ಇಳಿದೆ. ತಳದಲ್ಲಿ ಪಾದ ಮುಳುಗುವಷ್ಟು ನೀರು. ಅವಳು ತಲೆ ಎತ್ತಿ, "ಅತ್ಯಾರ, ಒಂಚೂರ ಸುಣ್ಣ ಕೊಡ್ರಿ" ಎಂದು ಕೂಗಿದಳು. ಅತ್ತೆಯ ಎಲೆ ಅಡಿಕೆಯ ಸಂಚಿಯಿಂದ ಸುಣ್ಣದ ಡಬ್ಬಿ ಕೆಳಗೆ ಬಂತು. ಅವಳು ಬೆರಳಿಗೆ ಸುಣ್ಣ ತೆಗೆದುಕೊಂಡು, ಗೋಡೆಯ ಕಲ್ಲಿನ ಮೇಲೆ, ನೀರು ಮುಟ್ಟುವ ಜಾಗಕ್ಕಿಂತ ಒಂದು ಗೇಣು ಮೇಲೆ ಅಡ್ಡ ಗೆರೆ ಎಳೆದಳು.

"ಇಲ್ಲಿತನಾ ಎಷ್ಟೊತ್ತಿಗೆ ಬರ್ತಾವ ನೋಡೂಣ್ರಿ" ಎಂದಳು.

ಇದು ನಮಗೆ ಹೊಸದು. ನಮ್ಮ ಕಡೆ ಬಾವಿಯ ಬಗ್ಗೆ ಕೇಳುವುದು ಎರಡೇ ಪ್ರಶ್ನೆ. ಎಷ್ಟು ಆಳ? ಎಷ್ಟು ಎಚ್‌ಪಿ? ತೆಗೆಯುವುದರ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ತೆಗೆದ ಮೇಲೆ ತಿರುಗಿ ಬರುವುದೆಷ್ಟು ಎಂದು ಕೂತು ನೋಡಿದವರನ್ನು ನಾನು ಆವರೆಗೆ ಕಂಡಿರಲಿಲ್ಲ.

ಕೂತೆವು. ಗಂಡಸರು ಬೇವಿನ ಗಿಡದ ನೆರಳಿಗೆ, ನಾನೂ ಅನಸೂಯಾನೂ ಬಾವಿಯ ಮೆಟ್ಟಿಲ ಮೇಲೆ. ಬಾವಿಯೊಳಗೆ ತಂಪಿತ್ತು. ಗುಬ್ಬಿಗಳು ಕಲ್ಲಿನ ಸಂದಿಯಲ್ಲಿ ಗೂಡು ಕಟ್ಟಿದ್ದವು. ಗೆರೆ ಮಾತ್ರ ಹಾಗೇ ಒಣಗಿಕೊಂಡು ನಿಂತಿತ್ತು. ನೀರು ಅದರ ಹತ್ತಿರಕ್ಕೂ ಬರಲಿಲ್ಲ.

"ನಿನಗ ಇದೆಲ್ಲಾ ಯಾಕ ಬೇಕಾತವಾ?" ಎಂದು ಕೇಳಿದೆ.

ಅವಳು ಬೆರಳಿನ ಸುಣ್ಣವನ್ನು ಮೆಟ್ಟಿಲಿಗೆ ಒರೆಸಿದಳು. ಆಮೇಲೆ ಹೇಳಿದಳು. ಅವರು ಮೂಲತಃ ಲಕ್ಷ್ಮೇಶ್ವರದವರಲ್ಲ. ಶಿರಹಟ್ಟಿ ಹತ್ತಿರದ ಒಂದು ಹಳ್ಳಿಯವರು. ಅಲ್ಲೂ ಬಾವಿಯ ತೋಟ ಇತ್ತು. ಅಪ್ಪ ಮೋಟರ್ ಕೂಡಿಸಿದರು, ಆಚೆಯ ಹೊಲದವರೂ ಕೂಡಿಸಿದರು. ಅವರು ತೆಗೆದುಬಿಟ್ಟಾರೆಂದು ಇವರು, ಇವರು ತೆಗೆದುಬಿಟ್ಟಾರೆಂದು ಅವರು. ಕರೆಂಟು ಇರುವಷ್ಟು ಹೊತ್ತೂ ಎರಡೂ ಮೋಟರ್ ಚಾಲೂ.

"ಮಂದಿ ಬಾವಿ ಬತ್ತಿತು ಅಂತಾರ್ರಿ ಅಕ್ಕಾರ" ಎಂದಳು. "ಆ ವರ್ಷ ಮಳಿ ಚೊಲೋ ಆಗಿತ್ತು. ಬತ್ತಲಿಲ್ರಿ ಅದು. ನಾವ ಹೀರಿ ಮುಗಿಸಿದ್ವಿ. ಆಮ್ಯಾಲೆ ಅವ್ವ ನಾನು ಕುಡ್ಯಾಕ ನೀರ ಹೊರಾಕ ಮುಂದಿನ ಊರಿಗೆ ಹೋಗ್ತಿದ್ವಿ. ಅಪ್ಪ ಹೊಲ ಬ್ಯಾರೆಯವರಿಗೆ ಲಾವಣಿಗೆ ಕೊಟ್ಟು ಲಕ್ಷ್ಮೇಶ್ವರಕ್ಕ ಬಂದ್ರು." ಆಮೇಲೆ, "ನನಗ ಹುಡುಗ ಚೊಲೋ ಅನಸ್ಯಾರ್ರಿ. ಆದ್ರ ಇನ್ನೊಮ್ಮಿ ಅಂಥಾ ಮನ್ಯಾಗ ಇರಾಕ ನನಗ ಆಗೂದಿಲ್ಲ" ಎಂದಳು.

ನಾನು ಗೆರೆ ನೋಡಿದೆ. ದೇವರೇ, ಏರಿಸಪ್ಪ ಇಷ್ಟು ನೀರು, ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. (ನಳದ ಮುಂದೆ ಬೇಡಿಕೊಂಡು ರೂಢಿ.)

ಆ ಹೊತ್ತಿಗೆ ಮೇಲಿನಿಂದ ದಾವಲಸಾಬ ಕಾಕಾನ ದನಿ ಕೇಳಿತು. ದಾವಲಸಾಬ ನಮ್ಮ ಹೊಲದ ಬದುವಿನ ಆಚೆಯವರು. ನಮ್ಮ ಮಾವನವರ ಗೆಳೆಯರು. ಶೇಖಪ್ಪನಿಗೆ ನೇಗಿಲು ಹಿಡಿಯಲು ಕಲಿಸಿದವರೇ ಅವರು. ನಮ್ಮಲ್ಲಿ ಬೀಗರು ಬಂದಿದ್ದಾರೆಂದು ಕೇಳಿ, ಬುಟ್ಟಿಯಲ್ಲಿ ಎಳೆ ಸೌತೆಕಾಯಿ ಹಾಕಿಕೊಂಡು ಬಂದಿದ್ದರು. ನಾವು ಮೇಲೆ ಬಂದೆವು. ಅವರ ಕಾಲು ಮೊಣಕಾಲಿನವರೆಗೆ ಹಸಿ ಕೆಸರು.

"ಮುಂಜಾನಿಂದ ಉಳ್ಳಾಗಡ್ಡಿಗೆ ನೀರ ಬಿಟ್ಟೀನವಾ. ಮೋಟರ್ ಚಾಲೂ ಇಟ್ಟ ಬಂದೀನಿ, ಜಲ್ದಿ ಹೋಗಬೇಕು" ಎಂದರು.

ಅತ್ತೆ ಆ ಕೆಸರನ್ನೇ ನೋಡಿದರು. ಬೀಗರ ಮುಂದೆ ಮುಖಭಂಗವಾದ ಬೇಗೆ ಅವರಲ್ಲಿ ಇನ್ನೂ ಆರಿರಲಿಲ್ಲ. ಎಷ್ಟೋ ವರ್ಷದಿಂದ ಒಳಗಿದ್ದ ಮಾತು ಹೊರಗೆ ಬಿತ್ತು.

"ನೀ ಬಾವಿ ತೋಡೂಕಿಂತ ಮೊದಲ ನಮ್ಮ ಬಾವಿ ಹಿಂಗ ಇರಲಿಲ್ಲ, ದಾವಲಸಾಬ."

"ಯವ್ವಾ, ಸುಮ್ಮನಿರ" ಎಂದ ಶೇಖಪ್ಪ. ಆದರೆ ಅವನ ಮುಖ ನೋಡಿದರೆ, ಆ ಮಾತು ಅವನದೂ ಹೌದೆಂದು ಗೊತ್ತಾಗುತ್ತಿತ್ತು.

ದಾವಲಸಾಬ ಬುಟ್ಟಿಯನ್ನು ನಿಧಾನ ಕೆಳಗಿಟ್ಟರು. ತಿರುಗಿ ಹೋಗಿಬಿಡುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಬಾವಿಯ ಕಟ್ಟೆಯ ಮೇಲೆ ಕೂತರು.

"ವೈನಿ, ಇದ ಮಾತ ನಾನೂ ನುಂಗಕೋತ ಬಂದೀನಿ" ಎಂದರು ಅತ್ತೆಗೆ. "ಶೇಖ ದೊಡ್ಡ ಮೋಟರ್ ಕುಂದ್ರಿಸಿದಾಗಿಂದ ನನ್ನ ಬಾವಿ ಮಧ್ಯಾಹ್ನಕ್ಕ ಖಾಲಿ ಆಗತೈತಿ. ಗೆಳ್ಯಾನ ಮಗಾ. ಹೆಂಗ ಹೇಳ್ಲಿ? ಎಲ್ಲಿ ಮನಸ ಮುರಿತೈತೋ ಅಂತ ಸುಮ್ಮನ ಇದ್ದೆ."

"ಅದಕ್ಕ ಕರೆಂಟ್ ಬಂದ ಕೂಡ್ಲೆ ಓಡಿ ಬರ್ತಿದ್ರೇನ ಕಾಕಾ?" ಎಂದ ಶೇಖಪ್ಪ.

"ನೀ ಯಾಕ ಓಡಿ ಬರ್ತಿದ್ದಿ?"

ಒಂದೇ ಬದುವಿನ ಆಚೆ ಈಚೆ, ಹಬ್ಬಕ್ಕೆ ಶೀರಖುರ್ಮಾ ಆ ಕಡೆಯಿಂದ, ಹೋಳಿಗೆ ಈ ಕಡೆಯಿಂದ. ನಡುವೆ ವರ್ಷಗಟ್ಟಲೆ ಕದ್ದುಮುಚ್ಚಿ ಓಟದ ಪಂದ್ಯ. ಮೊದಲು ನಕ್ಕವರು ಬಸಲಿಂಗಪ್ಪನವರು. ಅವರು ಆ ಪಂದ್ಯ ಓಡಿ ಸೋತವರು. ಅವರ ನಗುವಿನಲ್ಲಿ ಏನೇನಿತ್ತೋ, ಶೇಖಪ್ಪನಿಗೂ ನಗು ಬಂತು, ದಾವಲಸಾಬರಿಗೂ ಬಂತು. ಅತ್ತೆ ಮಾತ್ರ ಸೌತೆಕಾಯಿ ಎಣಿಸುವವರಂತೆ ಬುಟ್ಟಿಯಲ್ಲಿ ಕೈಯಾಡಿಸುತ್ತಿದ್ದರು.

"ಹಂಗಾರ ಕಾಕಾರ ಮೋಟರ್ ಬಂದ್ ಮಾಡಿ ನೋಡೂಣ್ರಿ" ಎಂದಳು ಅನಸೂಯಾ.

ದಾವಲಸಾಬ ತಾವೇ ಹೋಗಿ ಬಂದ್ ಮಾಡಿ ಬಂದರು. ಹಿಂದೆಯೇ ಅವರ ಹೆಂಡತಿ ಹಸನಬೀ ಕಿಟ್ಲಿಯಲ್ಲಿ ಚಹಾ, ಸೆರಗಿನಲ್ಲಿ ಚುರುಮುರಿ ಕಟ್ಟಿಕೊಂಡು ಬಂದರು. "ನೀರ ನೋಡಾಕ ಕುಂತೀರಂತ? ನಾನೂ ಕುಂದ್ರತೀನಿ ತಗೋರಿ" ಎಂದು ಅತ್ತೆಯ ಪಕ್ಕದಲ್ಲೇ ಕೂತರು. ಚುರುಮುರಿ ಹಂಚಿದರು. ಮೊದಲ ಹಿಡಿ ಅತ್ತೆಗೇ. ಅತ್ತೆ ತೆಗೆದುಕೊಂಡರು. ಅಲ್ಲಿಗೆ ಆ ಮಾತಿನ ಬಿಸಿ ಇಳಿಯಿತು.

ಈಗ ಬಾವಿಯ ಸುತ್ತ ಎರಡು ಮನೆಯವರು ಮತ್ತು ಬೀಗರು. ಮ್ಯಾಚ್ ನೋಡಲು ಕೂತಂತೆ. ಒಬ್ಬೊಬ್ಬರೇ ಇಳಿದು ಹೋಗುವುದು, ಬಂದು ವರದಿ ಕೊಡುವುದು. "ಕಲ್ಲಿನ ಸಂದ್ಯಾಗ ಹಸಿ ಆಗೇತಿ." "ಒಂದ ಕಡಿಂದ ಝರಿ ಬಿದ್ದಾವು." "ಎರಡ ಬೆರಳ ಏರ್ಯಾವು." ಬಿಸಿಲು ಇಳಿಯುವ ಹೊತ್ತಿಗೆ ಅತ್ತೆ, ಮೊಣಕಾಲು ನೋವಿನ ನಮ್ಮ ಅತ್ತೆ, ಸೆರಗು ಸಿಕ್ಕಿಸಿಕೊಂಡು ತಾವೇ ಮೆಟ್ಟಿಲಿಳಿದರು. ಕೆಳಗಿನಿಂದ ಅವರ ದನಿ ಬಂತು. "ಗೆರಿ ಮುಳಗೇತಿ."

ಶೇಖಪ್ಪನ ಮುಖ ಆಗ ನೋಡಬೇಕಿತ್ತು ನೀವು.

ದಾವಲಸಾಬ ಅಷ್ಟಕ್ಕೇ ಬಿಡಲಿಲ್ಲ. "ನನ್ನ ಮೋಟರಿಂದಾನ ಅಂತ ಹೆಂಗ ಅಂತೀರಿ? ಈಗ ನಂದ ಚಾಲೂ ಮಾಡ್ತೀನಿ. ನೋಡ್ರಿ" ಎಂದು ಹೋದರು. ಅನಸೂಯಾ ಇನ್ನೊಂದು ಗೆರೆ ಎಳೆದಳು. ಅವರ ಮೋಟರ್ ಶುರುವಾದ ಸ್ವಲ್ಪ ಹೊತ್ತಿಗೆ ನಮ್ಮ ಬಾವಿಯ ನೀರು ಏರುವುದನ್ನು ನಿಲ್ಲಿಸಿತು. ನೋಡನೋಡುತ್ತ ಹೊಸ ಗೆರೆಯ ಹತ್ತಿರ ಬಂದದ್ದು ಹಾಗೇ ನಿಂತಿತು. ಎರಡು ಬಾವಿ, ಎರಡು ಹೊಲ, ಎರಡು ಮೋಟರ್. ಸೆಲೆ ಮಾತ್ರ ಒಂದೇ. ದಾವಲಸಾಬ ತಿರುಗಿ ಬಂದು, ಯಾರ ಮುಖವನ್ನೂ ನೋಡದೆ, "ಹೌದ್ರಿ, ಒಂದ ಐತಿ" ಎಂದರು. ಅಷ್ಟರಲ್ಲಿ ಕರೆಂಟು ಹೋಯಿತು. ಬೀಗರ ಬಸ್ಸೂ ಹೋಗಿತ್ತು.

ಮರುದಿನ ಮುಂಜಾನೆ ಬಾವಿಗೆ ಹೋದರೆ ಕೆಳಗಿನ ಮೆಟ್ಟಿಲುಗಳು ನೀರಿನಲ್ಲಿದ್ದವು. ನನಗಂತೂ ಕುಣಿಯುವಷ್ಟು ಖುಷಿ. "ಈಗ ಹೇಳವಾ" ಎಂದೆ ಅನಸೂಯಾಗೆ.

"ನೀರ ಅದಾವ್ರಿ ಅಕ್ಕಾರ. ಪಾಳಿ ಮ್ಯಾಲೆ ತಗದ್ರ ಎರಡೂ ಮನಿಗೆ ಸಾಕಾಗತಾವ. ಆದ್ರ ಕಬ್ಬಿಗೆ ಆಗೂದಿಲ್ಲ" ಎಂದಳು. "ಕಬ್ಬ ಹಚ್ಚೂದಿಲ್ಲ ಅಂದ್ರ ನಂದು ಹೂಂ ಐತ್ರಿ."

ಶೇಖಪ್ಪ ಅಲ್ಲೇ ಹಿಂದೆ ನಿಂತಿದ್ದ. ಕೇಳಿಸಿಕೊಂಡ. ಮುಖ ಕೆಂಪಾಯಿತು. "ನನ್ನ ಹೊಲದಾಗ ಕಬ್ಬ ಹಚ್ಚೂದು ಬಿಡೂದು ನನ್ನ ಮಾತು" ಎಂದವನೇ ಎತ್ತಿನ ಹಗ್ಗ ಬಿಚ್ಚಲು ಆ ಕಡೆ ನಡೆದುಬಿಟ್ಟ. ಬಿಚ್ಚುವ ಅಗತ್ಯವೇ ಇರಲಿಲ್ಲ. ಬೀಗರು ಹೂಂ ಇಲ್ಲ, ಊಹೂಂ ಇಲ್ಲ, ಮೊದಲ ಬಸ್ಸಿಗೆ ಹೊರಟುಹೋದರು. ಬಸ್ಸಿನ ಕಿಟಕಿಯಲ್ಲಿ ಅನಸೂಯಾಳ ಕಣ್ಣು ತುಂಬಿದ್ದನ್ನು ನಾನು ಕಂಡೆ. ಪಂತ ಹಿಡಿದವರಿಗೆ ದುಃಖ ಆಗುವುದಿಲ್ಲ ಎಂದು ಯಾರು ಹೇಳಿದರು?

ನಾನು ಶೇಖಪ್ಪನನ್ನು ಬೈಯಲಿಲ್ಲ. ಅವನ ಹೊಲ, ಅವನ ಕನಸು. ಇಷ್ಟು ದಿನ ಮನಸ್ಸಿನಲ್ಲಿ ಬೆಳೆಸಿದ ಕಬ್ಬನ್ನು ಒಂದು ಮುಂಜಾನೆಗೆ ಕಿತ್ತು ಹಾಕು ಎಂದರೆ ಯಾರಿಗಾದರೂ ನೋಯುತ್ತದೆ. ಅತ್ತೆ ಬೇರೆ ಹೆಣ್ಣು ನೋಡಲು ಶುರು ಮಾಡಿದರು. ಇವನು ಯಾವ ಊರಿಗೂ ಬರಲೊಲ್ಲ. ಇಸ್ತ್ರಿ ಅಂಗಿ ಪೆಟ್ಟಿಗೆಯಲ್ಲೇ ಉಳಿಯಿತು.

ಸುಮಾರು ದಿನಗಳ ಮೇಲೆ ಒಂದು ಮುಂಜಾನೆ ಬೆಟಗೇರಿಯ ನಮ್ಮ ಮನೆಗೆ ಬಂದ. ಬಂದದ್ದು ಸರಿಯಾಗಿ ನಳ ಬಂದ ದಿನ. ಚೀಲ ಇಳಿಸಲೂ ಬಿಡದೆ ಕೈಗೆ ಎರಡು ಕೊಡ ಕೊಟ್ಟೆ. ಪಾಪ, ಪಾಳಿಯಲ್ಲಿ ನಿಂತ, ಹೊತ್ತ, ಮತ್ತೆ ನಿಂತ. ಹಂಡೆ ತುಂಬಿ, ಬಾನಿ ತುಂಬಿ, ಕೊನೆಗೆ ಪಾತ್ರೆ ಲೋಟ ಸಹ ತುಂಬಿಸಿದ ಮೇಲೆ ಕಟ್ಟೆಗೆ ಕೂತು ಮುಖ ಒರೆಸಿಕೊಂಡ.

"ವೈನಿ, ಲಕ್ಷ್ಮೇಶ್ವರಕ್ಕ ಯಾವಾಗ ಹೋಗ್ತೀರಿ?"

"ಯಾಕ?"

"ಕಬ್ಬ ಬಿಟ್ಟೀನಂತ ಹೇಳಿ ಬರ್ರಿ."

ಆಮೇಲೆ ಒಂದೊಂದೇ ಹೊರಬಿತ್ತು. ಬೀಗರು ಹೋದ ಮೇಲೆ ಇವನೂ ದಾವಲಸಾಬರೂ ಪಾಳಿ ಹಚ್ಚಿಕೊಂಡಿದ್ದರಂತೆ. ಇವತ್ತು ಇವನ ಮೋಟರ್, ನಾಳೆ ಅವರದು. ಯಾರೂ ಓಡುವುದಿಲ್ಲ. ಇವನು ದಿನಾ ಬಾವಿಗಿಳಿದು ಗೋಡೆಯ ಮೇಲೆ ತಾನೇ ಗುರುತು ಮಾಡುತ್ತಿದ್ದನಂತೆ. "ಶೇಂಗಾ ಎದ್ದ ಬಂದಾವ್ರಿ. ಕಾಕಾನ ಉಳ್ಳಾಗಡ್ಡಿನೂ ಚೊಲೋ ಆಗ್ಯಾವು. ಆದ್ರ ಬಾವ್ಯಾಗ ಉಳಿಯೂದು ಅಷ್ಟಕ್ಕಷ್ಟ. ಕಬ್ಬ ವರ್ಷಪೂರ್ತಿ ಕುಡಿತೈತಿ. ಎಲ್ಲಿಂದ ತರ್ಲಿ?"

"ಹುಡುಗಿ ಹೇಳಿದ್ಲಂತ ಬಿಟ್ಟಿ, ಹೌದಿಲ್ಲೋ?" ಎಂದೆ ಬೇಕೆಂದೇ.

"ಇಲ್ರಿ. ನಾನ ನೋಡೀನಲ್ಲ" ಎಂದ. ಕಿವಿ ಮಾತ್ರ ಕೆಂಪಗಾಗಿತ್ತು.

ಮರುದಿನವೇ ನಾನು ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಅಂಗಡಿಯಲ್ಲಿ ಬೆಲ್ಲ ತೂಗುತ್ತಿದ್ದ ಬಸಲಿಂಗಪ್ಪನವರು ನನ್ನನ್ನು ಕಂಡು ತಕ್ಕಡಿ ಬಿಟ್ಟೇ ಎದ್ದರು. ಒಳಗೆ ಅನಸೂಯಾ ರೊಟ್ಟಿ ಬಡಿಯುತ್ತಿದ್ದಳು. ಹೇಳಿದೆ. ಬಡಿಯುವುದನ್ನು ನಿಲ್ಲಿಸಲಿಲ್ಲ. ರೊಟ್ಟಿ ಅಗಲವಾಗುತ್ತ ಆಗುತ್ತ ಬಡಿಯುವ ಕಟ್ಟಿಗೆಯ ಕೊಣಮಿಗೆಗೆ ಹಿಡಿಸದಷ್ಟಾಯಿತು. ಅದೇ ಉತ್ತರ ಎಂದು ನಾನು ತಿಳಿದುಕೊಂಡೆ.

ಮಳೆಗಾಲಕ್ಕೆ ಮುಂಚೆ ಮದುವೆ ಆಯಿತು. ಊರಿನ ನಮ್ಮ ಮನೆಯಂಗಳದಲ್ಲೇ. ಮದುವೆಗೆ ನೀರು ಪೂರೈಸುವ ಜವಾಬ್ದಾರಿ ದಾವಲಸಾಬರದು. ಆ ದಿನ ಪಾಳಿ ನಮ್ಮದಿತ್ತು, ಆದರೂ ಅವರು ತಮ್ಮ ಬಾವಿಯಿಂದಲೇ ಎತ್ತಿನ ಬಂಡಿಯಲ್ಲಿ ಪೀಪಾಯಿ ತುಂಬಿ ತಂದರು. "ಇವತ್ತ ನಿಮ್ಮ ಬಾವಿಗೆ ಸೂಟಿ" ಎಂದರು.

ಅನಸೂಯಾ ದೇವತೆ ಎಂದುಕೊಳ್ಳಬೇಡಿ. ಹೊಸದರಲ್ಲಿ ಒಂದು ದಿನ ತನ್ನ ಮೆಣಸಿನಕಾಯಿ ಅಗೆ ಒಣಗುತ್ತವೆಂದು ದಾವಲಸಾಬರ ಪಾಳಿಯ ದಿನ ಮೆಲ್ಲಗೆ ಮೋಟರ್ ಚಾಲೂ ಮಾಡಿದ್ದಾಳೆ. ಹಸನಬೀ ಕೈಯಲ್ಲಿ ಸಿಕ್ಕಿಬಿದ್ದಿದ್ದಾಳೆ. "ಕಾಯ್ದೆ ಮಾಡಿದಾಕಿನ ಕಾಯ್ದೆ ಮುರದ್ರ ಹೆಂಗ ಬೇಟಿ?" ಎಂದು ಅವರು ಕೇಳಿದ್ದನ್ನು ಅತ್ತೆ ಬಂದವರಿಗೆಲ್ಲ ಖುಷಿಯಿಂದ ಹೇಳುತ್ತಾರೆ. ಸೊಸೆಯ ಒಂದು ತಪ್ಪು ಸಿಕ್ಕಿತಲ್ಲ.

ಹೋದ ವಾರ ಊರಿಗೆ ಹೋಗುವ ಮುಂಚೆ ಲಕ್ಕುಂಡಿಯಲ್ಲಿ ಇಳಿಯುವ ಕೆಲಸವಿತ್ತು. ಬಸ್ಸು ತಡವಿತ್ತು, ಅಲ್ಲಿಯ ಹಳೆಯ ಮೆಟ್ಟಿಲು ಬಾವಿಯ ಹತ್ತಿರ ಹೋಗಿ ಕೂತೆ. ಎಷ್ಟೊಂದು ಕೆತ್ತನೆ, ಎಷ್ಟು ಚೆಂದದ ಮೆಟ್ಟಿಲು. ನೋಡುತ್ತ ಕೂತಾಗ ಹೊಳೆಯಿತು. ಈ ಮೆಟ್ಟಿಲು ಬರೀ ಇಳಿಯಲಿಕ್ಕೆ ಅಲ್ಲ. ಊರಿನ ಹೆಂಗಸರೆಲ್ಲ ದಿನಾ ಇಳಿದವರು. ನಿನ್ನೆ ಈ ಮೆಟ್ಟಿಲವರೆಗೆ ಇತ್ತು, ಇವತ್ತು ಒಂದು ಕೆಳಗೆ ಹೋಗಿದೆ ಎಂದು ಅವರ ಕಾಲಿಗೇ ಗೊತ್ತಾಗುತ್ತಿತ್ತು. ನೀರು ಕಡಿಮೆಯಾದರೆ ಊರಿಗೆಲ್ಲ ಖಬರ. ಯಾರೂ ಮುಚ್ಚಿಡುವಂತಿಲ್ಲ.

ಈಗ ಬೋರು ಬಂದಿದೆ. ನೆಲದೊಳಗೆ ಒಂದು ತೂತು, ಅದಕ್ಕೊಂದು ಪೈಪು. ಇಣುಕಿದರೆ ಕತ್ತಲೆ. ಒಳಗೆ ಎಷ್ಟಿದೆ ಎಂದು ಯಾರಿಗೂ ಕಾಣುವುದಿಲ್ಲ. ಬರುವವರೆಗೆ ಬರುತ್ತದೆ, ನಿಂತ ದಿನ ನಿಲ್ಲುತ್ತದೆ.

ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ನಾನು ಊರಿಗೆ ಹೋದ ದಿನವೇ ನಮ್ಮ ಹೊಲದ ಮೇಲ್ಗಡೆ, ಗೌಡರ ಹೊಲದಲ್ಲಿ, ಬೋರು ಕೊರೆಯುವ ಲಾರಿ ನಿಂತಿತ್ತು. ಊರಿಗೆ ಊರೇ ಅಲ್ಲಿ. ಬಿಳಿ ಧೂಳು ಎದ್ದು ನಮ್ಮ ಬೇವಿನ ಗಿಡ ಬೆಳ್ಳಗಾಗಿತ್ತು. ಸಂಜೆಗೆ ನೀರು ಚಿಮ್ಮಿತು. ಹುಡುಗರು ಕೆಸರಿನಲ್ಲಿ ಹೊರಳಾಡಿದರು, ದೊಡ್ಡವರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ನೀರು ಕಂಡರೆ ಬ್ಯಾಸರ ಆಗುವ ಜಾತಿಯಲ್ಲ ನಾವು.

ಗಲಾಟೆ ಕರಗಿದ ಮೇಲೆ ಶೇಖಪ್ಪ, ದಾವಲಸಾಬ, ಅನಸೂಯಾ ಮೂವರೂ ಗೌಡರ ಕಟ್ಟೆಗೆ ಹೋದರು. ನಾನೂ ಜೊತೆಗೆ. ಗೌಡರು ಖುಷಿಯಲ್ಲಿದ್ದರು, ಪೇಢೆ ಕೊಟ್ಟರು.

"ಗೌಡ್ರ, ನಮ್ಮ ಪಾಳ್ಯಾಗ ನೀವೂ ಸೇರ್ರಿ" ಎಂದರು ದಾವಲಸಾಬ. "ಎರಡ ಇದ್ದದ್ದ ಮೂರ ಆಗ್ಲಿ."

"ನಿಮ್ಮದು ಮ್ಯಾಲಿನ ನೀರು, ದಾವಲಸಾಬ. ನಂದು ಆಳದ್ದು. ಅದಕ್ಕೂ ಇದಕ್ಕೂ ಏನ ಸಂಬಂಧ?"

"ಇರಲಿಕ್ಕಿಲ್ರಿ" ಎಂದಳು ಅನಸೂಯಾ. "ಇದ್ರೂ ಇರಬಹುದು. ನೀವು ಚಾಲೂ ಮಾಡೂ ಮೊದಲ ನಮ್ಮ ಎರಡೂ ಬಾವ್ಯಾಗ ಗುರ್ತ ಮಾಡ್ತೀವಿ. ನಿಮ್ಮ ಕಡಿಂದ ಯಾರರ ಬಂದು ನೋಡ್ಲಿ. ನೀರ ಇಳೀಲಿಲ್ಲ ಅಂದ್ರ ನಾವ ಬಂದು ನಿಮಗ ಪೇಢೆ ಕೊಡ್ತೀವಿ."

ಗೌಡರು ಅವಳನ್ನು ನೋಡಿದರು, ಶೇಖಪ್ಪನನ್ನು ನೋಡಿದರು. ಶೇಖಪ್ಪ ಪೇಢೆಯಲ್ಲಿ ಮಗ್ನನಾಗಿದ್ದ. ಕೊನೆಗೆ ನಕ್ಕು, "ಆತು, ನಾನ ಬರ್ತೀನಿ" ಎಂದರು.

ಸೋಮವಾರ ಗೌಡರು ಬಾವಿ ಮೆಟ್ಟಿಲಿಳಿಯಲಿದ್ದಾರೆ. ಏನು ಕಾಣುತ್ತದೋ ನನಗೆ ಗೊತ್ತಿಲ್ಲ, ಅನಸೂಯಾಗೂ ಗೊತ್ತಿಲ್ಲ. ನೋಡಿದರೆ ತಾನೆ ತಿಳಿಯುವುದು?

ಅಂದ ಹಾಗೆ, ನಿಮ್ಮ ಬಾವಿಯಿಂದ ದಿನಕ್ಕೆ ಎಷ್ಟು ತೆಗೆಯುತ್ತೀರಿ ಎಂದರೆ ನೀವೆಲ್ಲ ಥಟ್ಟನೆ ಹೇಳುತ್ತೀರಿ. ಅದರೊಳಗೆ ದಿನಕ್ಕೆ ಎಷ್ಟು ಬರುತ್ತದೆ ಎಂದು ಒಂದು ಮಧ್ಯಾಹ್ನವಾದರೂ ಕೂತು ನೋಡಿದ್ದೀರಾ?